ಹೊಕ್ಕುಳಬಳ್ಳಿ ತೇಲಿದರೆ ಮಗು ನಮ್ಮದು: ಆಫ್ರಿಕಾದ ಹಾದರದ ಕಟ್ಟಳೆಗಳ ಒಳಗುಟ್ಟು

ಉಗಾಂಡದ ಸುದ್ದಿಯೊಂದು ಕೆಲ ಕಾಲದಿಂದ ಓದುಗರ ತಲೆ ಕೆಡಿಸುತ್ತಿದೆ. ‘ಈ ಮಗು ನನ್ನದೇನಾ’ ಎಂಬ ಅನುಮಾನ ಹೊತ್ತು ಡಿಎನ್‌ಎ ಪರೀಕ್ಷೆಗೆ ಬರುವ ಗಂಡಸರು 2023ರಿಂದೀಚೆಗೆ ಅಲ್ಲಿ ಹೆಚ್ಚಾಗಿದ್ದಾರೆ. ಕಂಪಾಲದ ವಾಂಡೆಗೆಯದಲ್ಲಿರುವ ಸರ್ಕಾರಿ ಪ್ರಯೋಗಾಲಯದ ಜತೆ ಖಾಸಗಿ ಲ್ಯಾಬುಗಳೂ ಪೈಪೋಟಿಗೆ ಇಳಿದಿವೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಆಶ್ಚರ್ಯ ಇರುವುದು ‘ಪರೀಕ್ಷೆ ಮಾಡಿಸಬೇಡಿ, ಹುಟ್ಟಿದ ಮಗುವನ್ನು ಒಪ್ಪಿಕೊಳ್ಳಿ’ ಎಂದು ಬುದ್ಧಿ ಹೇಳುತ್ತಿರುವವರಲ್ಲಿ. ಹಾಗೆ ಹೇಳುತ್ತಿರುವವರು ಪಾದ್ರಿಗಳು ಮತ್ತು ಕುಲದ ಹಿರಿಯರು. ಹಾದರವನ್ನು ಮಹಾಪರಾಧ ಎನ್ನುವವರೂ ಇವರೇ.

ಇನ್ನೊಂದು ಕಡೆ ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಹರಿದಾಡುವ ವಿಡಿಯೊಗಳಿವೆ. ಕೆನ್ಯಾದಲ್ಲೋ ಜಿಂಬಾಬ್ವೆಯಲ್ಲೋ ನೈಜೀರಿಯಾದಲ್ಲೋ ಲಾಡ್ಜಿನ ಕೋಣೆಯೊಂದರಲ್ಲಿ ಜೋಡಿಯೊಂದು ‘ಅಂಟಿಕೊಂಡು’ಬಿಟ್ಟಿದೆ, ಇದು ಗಂಡ ಮಾಡಿಸಿದ ಮಾಟ, ಹೊರಗೆ ಜನಜಾತ್ರೆ.

ಅನುಮಾನ ಬಂದರೆ ಹೆಂಡತಿಯ ಮೈಗೇ ಬೀಗ ಹಾಕುವುದು ಸಂಪ್ರದಾಯವೋ? ಅನುಮಾನ ಬಂದರೂ ಕೆದಕಬೇಡ ಎನ್ನುವುದು ಸಂಪ್ರದಾಯವೋ? ಎರಡೂ ಹೌದು. ಅದು ಹೇಗೆ ಎಂದು ತಿಳಿಯಬೇಕಾದರೆ ‘ಆಫ್ರಿಕಾದ ನಂಬಿಕೆ’ ಎಂಬ ಒಂದೇ ಗಂಟನ್ನು ಬಿಚ್ಚಿ, ಒಳಗಿರುವ ಬೇರೆ ಬೇರೆ ಜನಾಂಗಗಳ ಬೇರೆ ಬೇರೆ ಏರ್ಪಾಡುಗಳನ್ನು ಬಿಡಿಬಿಡಿಯಾಗಿ ನೋಡಬೇಕು. ಮಾತು ಶುರುವಾಗಬೇಕಾದ್ದು ಡಿಎನ್‌ಎ ಕಿಟ್ ಬರುವುದಕ್ಕೆ ನೂರು ವರ್ಷ ಮೊದಲೇ ಉಗಾಂಡದಲ್ಲಿದ್ದ ಇನ್ನೊಂದು ಪಿತೃತ್ವ ಪರೀಕ್ಷೆಯಿಂದ.

ಗಡಿಗೆಯ ಪರೀಕ್ಷೆ

ಉಗಾಂಡದೊಳಗಿನ ಸಾಂಪ್ರದಾಯಿಕ ರಾಜ್ಯವಾದ ಬುಗಾಂಡದ ಗಂಡ ಜನರಲ್ಲಿ (ಇದು ಜನಾಂಗದ ಹೆಸರು, ನಮ್ಮ ‘ಗಂಡ’ ಅಲ್ಲ) ಮಗುವಿನ ಹೊಕ್ಕುಳಬಳ್ಳಿ ಒಣಗಿ ಬಿದ್ದಮೇಲೆ ಅದನ್ನು ಎಸೆಯುವುದಿಲ್ಲ, ತಾಯಿ ಜೋಪಾನವಾಗಿ ಎತ್ತಿಡುತ್ತಾಳೆ. ಮುಂದೆ ಕುಲದವರು ಸೇರಿ ಮಕ್ಕಳನ್ನು ಕುಲಕ್ಕೆ ಸೇರಿಸಿಕೊಂಡು ಹೆಸರಿಡುವ ‘ಕ್ವಾಲುಲ ಅಬಾನ’ ಶಾಸ್ತ್ರದ ದಿನ ಅದು ಹೊರಗೆ ಬರುತ್ತದೆ. ಪಾತ್ರೆಯೊಂದರಲ್ಲಿ ಬಾಳೆಹಣ್ಣಿನ ಹೆಂಡ, ಹಾಲು, ನೀರು ಬೆರೆಸಿಟ್ಟು ಎಲ್ಲರೆದುರು ಬಳ್ಳಿಯನ್ನು ಅದರೊಳಗೆ ಬಿಡುತ್ತಾರೆ. ತೇಲಿದರೆ ಮಗು ಕುಲದ್ದು. ಮುಳುಗಿದರೆ ತಾಯಿ ಹಾದರ ಮಾಡಿದ್ದಾಳೆ, ಮಗು ಹೊರಗಿನದು. 20ನೇ ಶತಮಾನದ ಆರಂಭದಲ್ಲಿ ಜಾನ್ ರಾಸ್ಕೋ ಎಂಬ ಮಿಶನರಿ ಇದನ್ನು ವಿವರವಾಗಿ ಬರೆದಿಟ್ಟಿದ್ದಾನೆ.

ಇನ್ನು ಇದರ ಭೌತಶಾಸ್ತ್ರ ನೋಡಿ. ಒಣಗಿ ಸುಕ್ಕಾದ ಬಳ್ಳಿಯ ಚೂರು ಹಗುರ. ಅದಕ್ಕೆ ಬೆಣ್ಣೆಯೋ ಕೊಬ್ಬೋ ಸವರಿದ್ದರೆ ನೀರು ಹತ್ತುವುದೇ ಇಲ್ಲ, ತೇಲುವುದು ಬಹುತೇಕ ಖಾತ್ರಿ. ಚೆನ್ನಾಗಿ ಕಾಪಿಡದೆ ಎಲ್ಲೋ ತೇವ ಹಿಡಿದಿದ್ದರೆ ಮುಳುಗಲೂಬಹುದು. ಅಂದರೆ ಫಲಿತಾಂಶ ನಿಂತಿರುವುದು ರಕ್ತದ ಮೇಲಲ್ಲ; ತಾಯಿ ಬಳ್ಳಿಯನ್ನು ಎಷ್ಟು ಜತನ ಮಾಡಿದಳು, ಮನೆಯವರಿಗೆ ಆ ಮಗು ಬೇಕೋ ಬೇಡವೋ ಎಂಬುದರ ಮೇಲೆ. ಅಪರಾಧ ಪತ್ತೆಹಚ್ಚುವ ಸಾಧನವಾಗಿ ಇದನ್ನು ನೋಡಿದರೆ ನಗು ಬರುತ್ತದೆ. ಅನುಮಾನವನ್ನು ಎಲ್ಲರ ಕಣ್ಣೆದುರು ಒಮ್ಮೆಗೇ ಮುಗಿಸಿಬಿಡುವ ಸಾಧನವಾಗಿ ನೋಡಿದರೆ ಬಲು ಜಾಣ ಏರ್ಪಾಡು. ತೇಲಿತು ಎಂದ ಮೇಲೆ ಗಂಡನೂ ಅತ್ತೆಯೂ ಮತ್ತೆ ಆ ಮಾತು ಎತ್ತುವಂತಿಲ್ಲ.

ಹಿರಿಯರು ಲ್ಯಾಬ್ ಬೇಡ ಎನ್ನುವುದರ ಹಿಂದಿನ ತರ್ಕ ಇಲ್ಲಿದೆ. ಲ್ಯಾಬಿನ ಬಳ್ಳಿಗೆ ಬೆಣ್ಣೆ ಸವರಲಾಗದು.

ಬೆದರಿಕೆಗೊಂದು ಬಿಡುಗಡೆ

ಹಳೆಯ ಕಟ್ಟಳೆಗಳಲ್ಲಿ ಹೆಚ್ಚಿನವಕ್ಕೆ ಎರಡು ಭಾಗ. ಮೊದಲನೆಯದು ಬೆದರಿಕೆ: ತಪ್ಪು ಮಾಡಿದರೆ ರೋಗ ಬರುತ್ತದೆ, ಮಗು ಸಾಯುತ್ತದೆ, ಹಿರಿಯರ ಆತ್ಮ ಕೆರಳುತ್ತದೆ. ಎರಡನೆಯದು ಬಿಡುಗಡೆ: ಒಪ್ಪಿಕೊಂಡು, ದಂಡ ಕಟ್ಟಿ, ಔಷಧಿ ಕುಡಿದು, ಬಲಿ ಕೊಟ್ಟರೆ ದೋಷ ಕಳೆಯುತ್ತದೆ. ಹೊರಗಿನವರು ನೋಡುವುದು ಮೊದಲ ಭಾಗವನ್ನು ಮಾತ್ರ. ಊರು ಒಡೆಯದಂತೆ ಕಾಯುತ್ತಿದ್ದುದು ಎರಡನೆಯದು.

ದಕ್ಷಿಣ ಸುಡಾನಿನ ನುಯೆರ್ ದನಗಾಹಿಗಳನ್ನು ತೆಗೆದುಕೊಳ್ಳಿ. ಮಾನವಶಾಸ್ತ್ರಜ್ಞ ಇವಾನ್ಸ್-ಪ್ರಿಚರ್ಡ್ 1930ರ ದಶಕದಲ್ಲಿ ದಾಖಲಿಸಿದ ಪ್ರಕಾರ ಹಾದರಕ್ಕೆ ದಂಡ ಆರು ದನ. ವಂಚನೆಗೊಳಗಾದ ಗಂಡನಿಗೆ ಏನೂ ತಪ್ಪು ಮಾಡದಿದ್ದರೂ ಸೊಂಟನೋವಿನ ರೋಗ ತಗಲುತ್ತದೆ ಎಂಬ ನಂಬಿಕೆ ಇದೆ, ಆದ್ದರಿಂದ ಆರರಲ್ಲಿ ಒಂದು ಹಸು ‘ಮಲಗುವ ಚರ್ಮದ ಹಸು’. ಅದನ್ನು ಬಲಿಕೊಟ್ಟು ಗಂಡನ ದೋಷ ಕಳೆಯಬೇಕು. ಮಿಕ್ಕ ದನಗಳ ಲೆಕ್ಕ ಇನ್ನೂ ಸ್ವಾರಸ್ಯದ್ದು. ಆ ಸಂಬಂಧದಿಂದ ಮಗು ಹುಟ್ಟಿದರೆ ಗಂಡ ದಂಡದ ದನಗಳನ್ನು ಹಿಂದಕ್ಕೆ ಕೊಟ್ಟುಬಿಡುತ್ತಾನೆ. ಯಾಕೆ? ನುಯೆರರಲ್ಲಿ ಮಗು ಯಾರದು ಎಂದು ತೀರ್ಮಾನಿಸುವುದು ದನ ಕೊಟ್ಟವರು ಯಾರು ಎಂಬ ಲೆಕ್ಕ. ಮಿಂಡನ ದನ ಕೊಟ್ಟಿಗೆಯಲ್ಲೇ ಉಳಿದರೆ ನಾಳೆ ಅವನು ಬಂದು ‘ದನ ಕೊಟ್ಟಿದ್ದೇನೆ, ಮಗು ನನ್ನದು’ ಎನ್ನಬಹುದು. ದನ ಹಿಂದಿರುಗಿಸಿದರೆ ಮಗು ಗಂಡನ ಮನೆಯದೇ. ರಕ್ತದ ಪ್ರಶ್ನೆ ಎಲ್ಲರಿಗೂ ಗೊತ್ತಿದ್ದೂ ಯಾರಿಗೂ ಬೇಕಾಗಿಲ್ಲ.

ಘಾನಾದ ಅಕಾನ್ ಜನರಲ್ಲಿ ಇದೇ ವ್ಯವಹಾರ ಹಣದಲ್ಲಿ ನಡೆಯುತ್ತಿತ್ತು. ‘ಅಯೆಫಾರೆ’ ಎಂಬ ಹಾದರದ ದಂಡವನ್ನು ಮಿಂಡ ಗಂಡನಿಗೆ ಕಟ್ಟಬೇಕು. ಗಂಡನ ಅಂತಸ್ತು ಏರಿದಷ್ಟೂ ದಂಡ ಏರುತ್ತದೆ. ಇದು ಕೆಟ್ಟದ್ದೂ ಇಲ್ಲಿಂದಲೇ. ಗೋಲ್ಡ್ ಕೋಸ್ಟ್ (ಇಂದಿನ ಘಾನಾ) ಕರಾವಳಿಯ ಶ್ರೀಮಂತರು ಹಲವು ಹೆಂಡಿರನ್ನು ಕಟ್ಟಿಕೊಂಡು, ಅವರನ್ನೇ ಮುಂದೆ ಬಿಟ್ಟು ತರುಣರನ್ನು ಬಲೆಗೆ ಕೆಡವಿ ದಂಡ ವಸೂಲಿ ಮಾಡುತ್ತಿದ್ದರೆಂದು 18ನೇ ಶತಮಾನದ ಆರಂಭದಲ್ಲೇ ಡಚ್ ವ್ಯಾಪಾರಿ ಬೋಸ್ಮನ್ ಬರೆದಿದ್ದಾನೆ. ದಂಡ ಆದಾಯವಾದ ಕೂಡಲೇ ಅಪರಾಧ ಕಡಿಮೆಯಾಗುವುದು ಯಾರಿಗೂ ಬೇಕಿರುವುದಿಲ್ಲ.

ಬೆರಳು ಯಾರ ಕಡೆಗೆ?

ಬೆದರಿಕೆ ಯಾರ ತಲೆಯ ಮೇಲೆ ತೂಗುತ್ತದೆ ಎಂಬುದನ್ನು ವಂಶ ಯಾರ ಕಡೆಯಿಂದ ಎಣಿಕೆಯಾಗುತ್ತದೆ ಎಂಬುದೇ ಬಹುಮಟ್ಟಿಗೆ ನಿರ್ಧರಿಸುತ್ತದೆ. ನೈಜೀರಿಯಾದ ನೈಜರ್ ಮುಖಜಭೂಮಿಯ ಉರ್ಹೋಬೊ ಜನರದು ತಂದೆಯ ಕಡೆಯ ವಂಶ. ಅಲ್ಲಿ ‘ಎರಿವ್ವಿನ್’, ಎಂದರೆ ಗತಿಸಿದ ಹಿರಿಯರ ಶಕ್ತಿ, ಕಾವಲು ಕಾಯುವುದು ಹೆಂಡತಿಯನ್ನು. ವಧುದಕ್ಷಿಣೆ ಕೊಟ್ಟು ಶಾಸ್ತ್ರ ಮುಗಿಸಿದ ಹೆಣ್ಣು ತಪ್ಪಿ ನಡೆದರೆ ಅವಳಿಗೆ, ಮಕ್ಕಳಿಗೆ ಕೇಡು. ಗೊತ್ತಿದ್ದೂ ಗಂಡ ಸುಮ್ಮನಿದ್ದರೆ ಅವನಿಗೂ ಕೇಡು. ಬಿಡುಗಡೆ ಎಂದರೆ ಮನೆಯವರೆದುರು ತಪ್ಪೊಪ್ಪಿಗೆ, ಆಮೇಲೆ ಶುದ್ಧಿ. ಗಂಡ ಊರಾಚೆ ಮದುವೆಯಾಗದ ಹೆಣ್ಣನ್ನು ಇಟ್ಟುಕೊಂಡರೆ ಎರಿವ್ವಿನ್‌ಗೆ ಅದು ಕಾಣಿಸುವುದಿಲ್ಲ. ಅಲ್ಲಿನ ಮಹಿಳಾ ಹಕ್ಕುಗಳ ವಾದಿಗಳು ಎತ್ತುವ ಮೊದಲ ಆಕ್ಷೇಪ ಇದೇ, ಮತ್ತು ಅದಕ್ಕೆ ಸಂಪ್ರದಾಯವಾದಿಗಳ ಬಳಿ ನೇರ ಉತ್ತರವಿಲ್ಲ.

ಮಲಾವಿಯ ಚೇವಾ ಜನರದು ತಾಯಿಯ ಕಡೆಯ ವಂಶ. ಮದುವೆಯಾದ ಗಂಡಸು ಹೆಂಡತಿಯ ಊರಿಗೆ ಬಂದು ಬಾಳುವುದು ಹಳೆಯ ಪದ್ಧತಿ. ಅಲ್ಲಿ ಬೆರಳು ಹೆಚ್ಚಾಗಿ ತಿರುಗುವುದು ಅಳಿಯನ ಕಡೆಗೆ. ಹೆಂಡತಿ ಬಸುರಿಯಾಗಿದ್ದಾಗ ಗಂಡ ಹೊರಗೆ ಹೋದರೆ ಅವಳೋ ಮಗುವೋ ‘ಮ್ದುಲೊ’ ತಗಲಿ ಸಾಯುತ್ತಾರೆ ಎಂಬ ನಂಬಿಕೆ. ‘ಕುದುಲ’ ಎಂದರೆ ಕತ್ತರಿಸು. ಮ್ದುಲೊ ಎಂದರೆ ಕತ್ತರಿಸುವ ರೋಗ. ಹೆಣ್ಣು ಸತ್ತರೆ ಅವಳ ಸೋದರಮಾವಂದಿರು ಅಳಿಯನನ್ನು ಕೂರಿಸಿ ವಿಚಾರಿಸುತ್ತಾರೆ. ‘ಆಫ್ರಿಕಾದಲ್ಲಿ ಹಾದರದ ಶಿಕ್ಷೆ ಹೆಣ್ಣಿಗೆ ಮಾತ್ರ’ ಎಂಬ ಸಾರಾಸಗಟು ಮಾತು ಇಲ್ಲಿ ನಿಲ್ಲುವುದಿಲ್ಲ.

ಉಪ್ಪು, ಬಿಸಿ, ತಂಪು

ಮ್ದುಲೊ ಕೆಲಸ ಮಾಡುವ ರೀತಿ ಸ್ವಲ್ಪ ನಿಧಾನವಾಗಿ ನೋಡುವಂಥದ್ದು. ಚೇವಾ ಎಣಿಕೆಯಲ್ಲಿ ಕೂಡುವ ವಯಸ್ಸಿನವರು ‘ಬಿಸಿ’, ಹಸುಗೂಸು ಮತ್ತು ಎಳೆಯ ಮಕ್ಕಳು ‘ತಂಪು’. ಬಿಸಿಯಾದವರು ತಂಪಾದವರನ್ನು ಹೊತ್ತಲ್ಲದ ಹೊತ್ತಿನಲ್ಲಿ ತಾಕಿದರೆ ತಂಪಾದವರು ‘ಕತ್ತರಿಸಿ’ ಹೋಗುತ್ತಾರೆ. ದೋಷವನ್ನು ಹೊತ್ತೊಯ್ಯುವ ವಾಹನ ಉಪ್ಪು. ಮುಟ್ಟಾದ ಹೆಣ್ಣು ಪಲ್ಯಕ್ಕೆ ಉಪ್ಪು ಹಾಕುವಂತಿಲ್ಲ, ಪುಟ್ಟ ಮಗುವಿನ ಕೈಯಲ್ಲಿ ಹಾಕಿಸುತ್ತಾಳೆ. ಹಾದರ ಮಾಡಿ ಬಂದವಳು ಉಪ್ಪು ಹಾಕಿದ ಅಡುಗೆಯಿಂದಲೂ ಮನೆಮಂದಿಗೆ ರೋಗ. ಹೆರಿಗೆಯಾದಮೇಲೆ ಗಂಡಹೆಂಡಿರು ಕೆಲವು ತಿಂಗಳು ದೂರವಿದ್ದು, ಆಮೇಲೆ ‘ಮಗುವನ್ನು ಎತ್ತಿಕೊಳ್ಳುವ’ ಶಾಸ್ತ್ರದಲ್ಲಿ ಮತ್ತೆ ಕೂಡುತ್ತಾರೆ. ಅಲ್ಲಿಗೆ ಮಗು ತಂಪಿನ ಅಪಾಯದಿಂದ ಹೊರಬಂತು.

ಇದರ ಪರಿಣಾಮ ಯೋಚಿಸಿ. ಒಂದು ಹಿಡಿ ಉಪ್ಪು ಹಾಕುವಾಗಲೆಲ್ಲ ನಿಯಮ ನೆನಪಿಗೆ ಬರುತ್ತದೆ. ಪೊಲೀಸ್ ಬೇಡ, ಸಾಕ್ಷಿ ಬೇಡ. ಆದರೆ ಸಾಕ್ಷಿ ಬೇಡದ ಕಾನೂನಿಗೆ ಒಂದು ಹುಳುಕು: ತಪ್ಪು ನಡೆದಿದೆ ಎಂದು ತಿಳಿಯುವುದು ಕೇಡು ಬಂದಮೇಲೆ. ಮಗು ಸೊರಗಿತು, ಆದ್ದರಿಂದ ಯಾರೋ ತಪ್ಪಿದ್ದಾರೆ. ಹಳ್ಳಿಗಳಲ್ಲಿ ಮಕ್ಕಳು ಸೊರಗುವುದಕ್ಕೆ ಕಾರಣಗಳು ಬೇಕಾದಷ್ಟು.

ಮಗುವಿನ ಪಾದದ ಗುಳಿ

ಕೆನ್ಯಾದ ಕರಾವಳಿಯಲ್ಲಿ, ಕಿಲಿಫಿಯ ಸುತ್ತಮುತ್ತಲ ಗಿರಿಯಾಮ ಮತ್ತಿತರ ಜನರಲ್ಲಿ ಇಂಥ ರೋಗದ ಹೆಸರು ‘ಚಿರ್ವಾ’. ತಂದೆಯೋ ತಾಯಿಯೋ ಹಾದರ ಮಾಡಿ ಬಂದು ಮಗುವನ್ನು ಎತ್ತಿಕೊಂಡರೆ ಬರುವುದು. ಲಕ್ಷಣಗಳು ಇವು: ಕಾಲು ಊದುವುದು, ಕೂದಲು ಕೆಂಚಾಗಿ ಸುಲಭಕ್ಕೆ ಕಿತ್ತುಬರುವುದು, ಚರ್ಮ ಸುಲಿಯುವುದು, ಇಲ್ಲವೇ ಮೈ ಪೂರ್ತಿ ಕರಗಿ ಎಲುಬುಗೂಡಾಗುವುದು. ಯಾವುದೇ ಆರೋಗ್ಯ ಕೇಂದ್ರದ ನರ್ಸ್ ಇದನ್ನು ತೀವ್ರ ಅಪೌಷ್ಟಿಕತೆ ಎನ್ನುತ್ತಾಳೆ. ಎರಡೂ ಪಾದಗಳ ಮೇಲ್ಭಾಗವನ್ನು ಹೆಬ್ಬೆರಳಿನಿಂದ ಮೂರು ಸೆಕೆಂಡು ಒತ್ತಿ ಹಿಡಿದು ಬಿಟ್ಟಾಗ ಗುಳಿ ಹಾಗೆಯೇ ಉಳಿದರೆ, ಅಥವಾ ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 115 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ತಕ್ಷಣ ಚಿಕಿತ್ಸೆ ಬೇಕು. ಹಸಿವು ಇದ್ದು ಬೇರೆ ತೊಡಕಿಲ್ಲದ ಮಗುವಿಗೆ ಕಡಲೆಕಾಯಿ ಹಿಟ್ಟಿನ ಸಿದ್ಧ ಆಹಾರ: 92 ಗ್ರಾಂನ ಒಂದು ಪೊಟ್ಟಣದಲ್ಲಿ 500 ಕ್ಯಾಲೊರಿ.

ಆದರೆ ಈ ಮಗುವನ್ನು ಕೇಂದ್ರಕ್ಕೆ ಕರೆದೊಯ್ಯುವುದೆಂದರೆ ಚಿರ್ವಾ ಬಂದ ಮಗುವನ್ನು ಹಗಲಲ್ಲಿ, ಊರ ಕಣ್ಣೆದುರು ಹೊತ್ತೊಯ್ಯುವುದು. ‘ಈ ಮನೆಯಲ್ಲಿ ಯಾರೋ ತಪ್ಪಿದ್ದಾರೆ’ ಎಂದು ಡಂಗುರ ಸಾರಿದಂತೆ. ತಡ ಆಗುವುದು ಇಲ್ಲಿ. ಮೊದಲು ಗಿಡಮೂಲಿಕೆಯವನ ಬಳಿಗೆ ಗುಟ್ಟಾಗಿ ಹೋಗುತ್ತಾರೆ. ಮಗು ನಿತ್ರಾಣವಾಗಿ, ಹಸಿವೂ ಹೋಗಿ, ಸೋಂಕು ಹತ್ತಿದಮೇಲೆ ಆಸ್ಪತ್ರೆ. ಆಗ ಪೊಟ್ಟಣದ ಚಿಕಿತ್ಸೆ ಸಾಲದು.

ಹಾಗಾದರೆ ನಂಬಿಕೆ ಬರೀ ಮೌಢ್ಯವೇ? ಅಷ್ಟು ಬೇಗ ಹೇಳಲಾಗದು. ಮಗು ಮೊಲೆ ಕುಡಿಯುವಾಗಲೇ ತಾಯಿ ಮತ್ತೆ ಬಸುರಾದರೆ ಹಾಲು ಬಿಡಿಸುತ್ತಾರೆ, ಮಗು ಗೆಣಸಿನ ಗಂಜಿಗೆ ಬೀಳುತ್ತದೆ, ಸೊರಗುತ್ತದೆ. ತಂದೆಯ ಸಂಪಾದನೆ ಇನ್ನೊಂದು ಮನೆಗೆ ಹರಿದರೂ ಇದೇ ಗತಿ. ಅಕಾಲದ ಕೂಟಕ್ಕೂ ಮಗುವಿನ ಸೊರಗಿಗೂ ನಂಟಿದೆ ಎಂದು ಗಮನಿಸಿದವರು ತಪ್ಪು ನೋಡಿರಲಿಲ್ಲ. ವೈದ್ಯಕೀಯ ಪುಸ್ತಕಗಳಲ್ಲಿರುವ ‘ಕ್ವಾಶಿಯೋರ್ಕರ್’ ಎಂಬ ಹೆಸರೇ ಘಾನಾದ ಗಾ ಭಾಷೆಯದು: ಬೆನ್ನಿಗೇ ಇನ್ನೊಂದು ಮಗು ಹುಟ್ಟಿದಾಗ ಮೊದಲಿನ ಮಗುವಿಗೆ ಬರುವ ರೋಗ ಎಂದರ್ಥ. ಆಕ್ರಾದಲ್ಲಿ ಕೆಲಸ ಮಾಡುತ್ತಿದ್ದ ವೈದ್ಯೆ ಸಿಸಿಲಿ ವಿಲಿಯಮ್ಸ್ 1935ರಲ್ಲಿ ಆ ಪದವನ್ನು ಅಲ್ಲಿನ ತಾಯಂದಿರ ಬಾಯಿಂದಲೇ ಎತ್ತಿಕೊಂಡು ವೈದ್ಯಲೋಕಕ್ಕೆ ಕೊಟ್ಟಳು. ಒಂದೇ ರೋಗಕ್ಕೆ ಗಾ ಜನ ‘ಅಣ್ಣನ ಹೊಟ್ಟೆಕಿಚ್ಚಿನ ಕಾಲ’ ಎಂಬಂಥ ಹೆಸರಿಟ್ಟರು, ಗಿರಿಯಾಮರು ‘ಅಪ್ಪಅಮ್ಮನ ಪಾಪ’ ಎಂದರು. ಗಮನಿಸಿದ್ದು ಒಂದೇ, ಹೊಣೆ ಹೊರಿಸಿದ್ದು ಬೇರೆ ಬೇರೆ ಕಡೆ.

ಹೆರಿಗೆಯ ಕಥೆಯೂ ಹೀಗೇ. ನೋವು ಶುರುವಾಗಿ ಬಹಳ ಹೊತ್ತಾದರೂ ಮಗು ಬರದಿದ್ದರೆ ಹಾದರ ಅಡ್ಡ ನಿಂತಿದೆ ಎಂಬ ನಂಬಿಕೆ ಪಶ್ಚಿಮ ಆಫ್ರಿಕಾದ ಹಲವೆಡೆ, ಜಾಂಬಿಯಾದ ಬೆಂಬಾ ಜನರಲ್ಲಿ (ಅಲ್ಲಿ ಅದು ‘ಇಂಚಿಲ’) ಇದೆ. ಬಸುರಿಯನ್ನು ‘ಹೆಸರು ಹೇಳು, ಮಗು ಬರುತ್ತದೆ’ ಎಂದು ಒತ್ತಾಯಿಸುತ್ತಾರೆ. ಒಪ್ಪಿಕೊಂಡರೆ ಮಾನ ಹೋಯಿತು, ಒಪ್ಪದಿದ್ದರೆ ಹೊತ್ತು ಹೋಯಿತು. ಮಗುವಿನ ತಲೆ ಕಿಬ್ಬೊಟ್ಟೆಯ ಎಲುಬಿಗೆ ಒತ್ತಿಕೊಂಡೇ ಇದ್ದರೆ ನಡುವಿನ ಮಾಂಸಕ್ಕೆ ರಕ್ತ ಹರಿಯದೆ ಅದು ಸಾಯುತ್ತದೆ. ಕೆಲವು ದಿನಗಳಲ್ಲಿ ಕಳಚಿ ಬಿದ್ದು ಮೂತ್ರಕೋಶಕ್ಕೂ ಯೋನಿಗೂ ನಡುವೆ ತೂತಾಗುತ್ತದೆ. ಆಮೇಲೆ ಹಗಲಿರುಳು ಮೂತ್ರ ಸೋರುವ ಹೆಣ್ಣನ್ನು ನೋಡಿ ‘ನಾವು ಹೇಳಿರಲಿಲ್ಲವೇ’ ಎನ್ನುವವರಿಗೇನೂ ಕೊರತೆ ಇಲ್ಲ.

ಮಾಗುನ್: ಬಿಡುಗಡೆಯೇ ಇಲ್ಲದ ಬಲೆ

ಈಗ ಆ ವಿಡಿಯೊಗಳಿಗೆ ಬರೋಣ. ನೈಜೀರಿಯಾದ ಯೊರುಬಾ ಭಾಷೆಯಲ್ಲಿ ‘ಮಾ ಗುನ್’ ಎಂದರೆ ‘ಹತ್ತಬೇಡ’. ಹೆಂಡತಿಯ ಮೇಲೆ ಅನುಮಾನ ಬಂದ ಗಂಡ ಗುಟ್ಟಾಗಿ ಮಾಟಗಾರನಿಂದ ಮಂತ್ರಿಸಿದ ದಾರವನ್ನೋ ಪೊರಕೆಕಡ್ಡಿಯನ್ನೋ ತಂದು ಹೊಸ್ತಿಲ ಮೇಲೆ ಇಡುತ್ತಾನೆ, ಅವಳು ಅರಿಯದೆ ದಾಟುತ್ತಾಳೆ, ಅಲ್ಲಿಂದ ಬಲೆ ಅವಳ ಮೈಯಲ್ಲಿ. ಅವಳನ್ನು ಕೂಡಿದ ಪರಪುರುಷ ಮೂರು ಲಾಗ ಹೊಡೆದು ಸಾಯುತ್ತಾನೆ, ಕೋಳಿಯಂತೆ ಕೂಗಿ ಸಾಯುತ್ತಾನೆ, ಇಲ್ಲವೇ ಅಂಟಿಕೊಂಡುಬಿಡುತ್ತಾನೆ ಎಂದು ಬಗೆಬಗೆಯ ಮಾಗುನ್‌ಗಳನ್ನು ಹೇಳುತ್ತಾರೆ. ಗಡುವಿನೊಳಗೆ ಯಾರೂ ಕೂಡದಿದ್ದರೆ ಅವಳೇ ಸಾಯುತ್ತಾಳೆಂಬ ಬಗೆಯೂ ಉಂಟು. ಜಿಂಬಾಬ್ವೆಯ ಶೋನಾ ಜನರ ‘ರುನ್ಯೋಕ’, ತಾಂಜಾನಿಯಾದ ‘ತೇಗೊ’ (ಸ್ವಾಹಿಲಿಯಲ್ಲಿ ಬಲೆ) ಇದರ ಒಡಹುಟ್ಟುಗಳು.

ಮೇಲೆ ಹೇಳಿದ ಕಟ್ಟಳೆಗಳಿಗೂ ಇದಕ್ಕೂ ಅಜಗಜಾಂತರ. ಎರಿವ್ವಿನ್‌ಗೆ ತಪ್ಪೊಪ್ಪಿಗೆ ಇದೆ, ನುಯೆರರಿಗೆ ಹಸು ಇದೆ, ಹಿರಿಯರ ಪಂಚಾಯಿತಿ ಇದೆ. ಮಾಗುನ್ ಒಬ್ಬ ಗಂಡ, ಒಬ್ಬ ಮಾಟಗಾರ, ಒಂದಿಷ್ಟು ದುಡ್ಡು ಇವರ ನಡುವಿನ ಗುಟ್ಟಿನ ವ್ಯವಹಾರ. ಕುಲಕ್ಕೆ ಗೊತ್ತಿಲ್ಲ, ಹೆಂಡತಿಗೂ ಗೊತ್ತಿಲ್ಲ. ಅವಳ ಮೈ ಇಲ್ಲಿ ಬೇರೆಯವನಿಗೆ ಒಡ್ಡಿದ ಉರುಳು, ಅಷ್ಟೇ. ಪಟ್ಟಣದ ಬದುಕಿಗೆ ಹೇಳಿಮಾಡಿಸಿದ್ದು ಇದೇ: ಅತ್ತೆಮಾವ ಹತ್ತಿರವಿಲ್ಲದ, ಪಂಚಾಯಿತಿ ಸೇರದ ಬಾಡಿಗೆ ಮನೆಯ ಗಂಡನಿಗೆ ಹಿರಿಯರ ಬಿಡುಗಡೆ ಸಿಗದು, ಮಾಟಗಾರನ ಬೆದರಿಕೆ ಮಾತ್ರ ಸಿಕ್ಕೀತು. ಕೆನ್ಯಾದ ಕೆಲವು ಸುದ್ದಿತಾಣಗಳಲ್ಲಿ ಇಂಥ ಕಥೆಗಳ ಕೊನೆಗೆ ಗುಣಪಡಿಸಿದ ‘ವೈದ್ಯ’ನ ಫೋನ್ ನಂಬರ್ ಕಾಣಿಸುವುದು ಸುಮ್ಮನೆ ಅಲ್ಲ.

ಅಂಟಿಕೊಳ್ಳುವುದು ನಿಜವೇ? ನಾಯಿಗಳು ಅಂಟಿಕೊಳ್ಳುವುದಕ್ಕೆ ಗಂಡುನಾಯಿಯ ಅಂಗದ ಬುಡದಲ್ಲಿ ಊದಿಕೊಳ್ಳುವ ಗಂಟು ಕಾರಣ, ಮನುಷ್ಯನಿಗೆ ಅದಿಲ್ಲ. ಯೋನಿಯ ಸುತ್ತಲ ಸ್ನಾಯುಗಳು ಹಠಾತ್ತನೆ ಬಿಗಿದು ಕೆಲವು ಕ್ಷಣ ಹಿಡಿದ ಪ್ರಕರಣಗಳು ವೈದ್ಯ ಸಾಹಿತ್ಯದಲ್ಲಿ ಅತಿ ವಿರಳ. ಗಂಟೆಗಟ್ಟಲೆ ಅಂಟಿ, ಮಂಚದ ಸಮೇತ ಹೊತ್ತು ತರುವ ದೃಶ್ಯಕ್ಕೆ ಅದು ಆಧಾರವಾಗದು. ಯುರೋಪು, ಅಮೆರಿಕದವರು ಈ ವಿಷಯದಲ್ಲಿ ಹೆಚ್ಚು ಜಾಣರೇನಲ್ಲ: ವಿಲಿಯಮ್ ಓಸ್ಲರ್ ಎಂಬ ಹೆಸರಾಂತ ವೈದ್ಯ 1884ರಲ್ಲಿ ತಮಾಷೆಗೆಂದು ಹುಸಿ ಹೆಸರಿನಲ್ಲಿ ಬರೆದ ಅಂಟಿಕೊಂಡವರ ಕಥೆಯನ್ನು ಫಿಲಡೆಲ್ಫಿಯಾದ ವೈದ್ಯಪತ್ರಿಕೆ ಅಚ್ಚು ಹಾಕಿತು, ಮುಂದಿನವರು ಅದನ್ನೇ ಪುರಾವೆಯೆಂದು ಉದ್ಧರಿಸುತ್ತ ಹೋದರು.

ಸಾವು ಬೇರೆ ಮಾತು. ಕೂಡುವಾಗ ಗಂಡಸರು ಸಾಯುವುದುಂಟು, ಅದರಲ್ಲೂ ಮನೆಯಾಚೆ. ಜಪಾನಿನಲ್ಲಿ 1963ರಲ್ಲಿ ಪ್ರಕಟವಾದ ಶವಪರೀಕ್ಷೆಗಳ ಅಧ್ಯಯನದಲ್ಲಿ 5,559 ಹಠಾತ್ ಸಾವುಗಳ ಪೈಕಿ 34 ಮಾತ್ರ ಸಂಭೋಗಕ್ಕೆ ಸಂಬಂಧಿಸಿದ್ದವು. ಆ 34ರಲ್ಲಿ ಹೆಚ್ಚಿನವು ಪರಸಂಗದಲ್ಲಿ ಆದವು. ನಡುವಯಸ್ಸು ದಾಟಿದವನು, ಹೊಟ್ಟೆ ತುಂಬ ಊಟ, ಮೇಲೆ ಕುಡಿತ, ಸಿಕ್ಕಿಬೀಳುವ ಭಯ, ಜತೆಗೆ ಸಣ್ಣ ವಯಸ್ಸಿನವಳು. ಹೃದ್ರೋಗಕ್ಕೆ ನೈಟ್ರೇಟ್ ಮಾತ್ರೆ ನುಂಗುವವನು ಅದೇ ದಿನ ವಯಾಗ್ರವನ್ನೂ ನುಂಗಿದರೆ ರಕ್ತದೊತ್ತಡ ಪಾತಾಳಕ್ಕೆ ಕುಸಿಯುತ್ತದೆ. ಶವಪರೀಕ್ಷೆ ಆಗದ ಕಡೆ ಈ ಸಾವಿಗೆ ಇರುವ ಒಂದೇ ಹೆಸರು ಮಾಗುನ್. ಊರಲ್ಲಿ ಹತ್ತು ವರ್ಷಕ್ಕೊಮ್ಮೆ ಇಂಥದ್ದೊಂದು ನಡೆದರೂ ನಂಬಿಕೆಗೆ ಸಾಕಷ್ಟು ಗೊಬ್ಬರ.

ದಕ್ಷಿಣ ನೈಜೀರಿಯಾದ ಅಪರಾಧ ಸಂಹಿತೆಯ 210ನೇ ಕಲಂ ಮಾಟದ ವಸ್ತು ಮಾಡುವುದು, ಮಾರುವುದನ್ನು ಎರಡು ವರ್ಷ ಜೈಲಿನ ಅಪರಾಧ ಎನ್ನುತ್ತದೆ. ಆದರೆ ದಾರ ದಾಟಿದ್ದರಿಂದ ಒಬ್ಬ ಸತ್ತ ಎಂಬುದನ್ನು ಯಾವ ನ್ಯಾಯಾಲಯವೂ ಕೊಲೆಗೆ ಪುರಾವೆಯೆಂದು ಒಪ್ಪದು.

ಏಡ್ಸ್ ಬಂದಾಗ ಆದದ್ದು

ಬೆದರಿಕೆ ಮಾತ್ರ ಉಳಿದು ವಿವರಣೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಏಡ್ಸ್‌ನ ಮೊದಲ ವರ್ಷಗಳು ದೊಡ್ಡ ನಿದರ್ಶನ. ಕೆನ್ಯಾದ ಲುವೊ ಜನರಲ್ಲಿ ‘ಚಿರಾ’ ಎಂದರೆ ಮನೆತನದ ನಿಯಮ ಮುರಿದವರಿಗೆ ಬರುವ ಕ್ಷಯಿಸುವ ರೋಗ. ಹಾದರ ಮಾತ್ರವಲ್ಲ, ಬಿತ್ತನೆ, ಕೊಯ್ಲು, ಮನೆ ಕಟ್ಟುವುದರಲ್ಲಿ ಹಿರಿಕಿರಿಯರ ಸರದಿ ತಪ್ಪಿದರೂ ಬರುತ್ತದೆ. ಔಷಧಿ ‘ಮನ್ಯಾಸಿ’ ಎಂಬ ಕಷಾಯ. ಏಡ್ಸ್ ರೋಗಿ ಸಣ್ಣಗಾಗಿ, ಭೇದಿಯಾಗಿ, ಕೊನೆಗೆ ಮಕ್ಕಳೂ ಸೊರಗಿದಾಗ ಅದು ಚಿರಾದ ಪಡಿಯಚ್ಚು. ಕಷಾಯ ಕುಡಿಸಿದರು. ವಿಧವೆಯನ್ನು ಮೈದುನ ಕೂಡಬೇಕೆಂಬ ‘ತೇರೊ’ ಪದ್ಧತಿ ಬಿಟ್ಟರೆ ಚಿರಾ ಬರುತ್ತದೆಂದು ಅದನ್ನೂ ನಡೆಸಿದರು. ವೈರಸ್ ಅದೇ ದಾರಿಯಲ್ಲಿ ಹೋಯಿತು.

ಜಿಂಬಾಬ್ವೆಯಲ್ಲಿ ರುನ್ಯೋಕದ ತರ್ಕ ಇನ್ನೂ ಅಪಾಯದ್ದು. ರೋಗ ಬರುವುದು ಗಂಡ ಮಾಟದ ಬೇಲಿ ಹಾಕಿದ ಹೆಂಡತಿಯಿಂದ. ಹಾಗಾದರೆ ಗಂಡನಿಲ್ಲದವಳು, ಬಿಟ್ಟವಳು, ಮದುವೆಯಾಗದವಳು? ಬೇಲಿ ಇಲ್ಲ, ಭಯವೂ ಇಲ್ಲ. ಪರರ ಹೆಂಡಿರಿಂದ ದೂರವಿಡುವ ನಂಬಿಕೆಯೇ ಕಾಂಡೋಮ್ ಬೇಡವೆನ್ನುವ ನಂಬಿಕೆಯೂ ಆಯಿತು.

ಇವು ನಿಜಕ್ಕೂ ಹಾದರ ತಡೆಯುತ್ತವೆಯೇ?

ಈ ಪ್ರಶ್ನೆಗೆ ಅಂದಾಜಿನ ಉತ್ತರಗಳೇ ಹೆಚ್ಚು. ಆದರೆ ಒಂದು ಕಡೆ ಅಳೆದು ನೋಡಿದ್ದಾರೆ. ಮಾಲಿ ದೇಶದ ಬಂಡಿಯಾಗರ ಕಡಿಬಂಡೆಯ ಡೋಗೊನ್ ಜನರಲ್ಲಿ ಹಳೆಯ ಧರ್ಮ ಪಾಲಿಸುವ ಹೆಣ್ಣುಮಕ್ಕಳು ಮುಟ್ಟಿನ ದಿನಗಳಲ್ಲಿ ಊರಂಚಿನ ಗುಡಿಸಲಿನಲ್ಲಿ ಮಲಗುತ್ತಾರೆ. ಅಮೆರಿಕದ ಮಾನವಶಾಸ್ತ್ರಜ್ಞೆ ಬೆವರ್ಲಿ ಸ್ಟ್ರಾಸ್‌ಮನ್ 736 ದಿನ ಗುಡಿಸಲಿನ ಹಾಜರಿ ಬರೆದು, ಮೂತ್ರದ ಹಾರ್ಮೋನು ಪರೀಕ್ಷೆಯ ಜತೆ ಹೋಲಿಸಿ, ಹೆಣ್ಣುಮಕ್ಕಳು ಸುಳ್ಳಾಡುತ್ತಿಲ್ಲ ಎಂದು ಕಂಡುಕೊಂಡರು. ಗುಡಿಸಲು ಎಲ್ಲರಿಗೂ ಕಾಣುವ ಕಡೆ ಇದೆ. ಯಾರು ಯಾವಾಗ ಮುಟ್ಟಾದರು, ಯಾರಿಗೆ ನಿಂತಿತು ಎಂಬುದು ಗಂಡನ ಮನೆಯವರಿಗೆ ಗೊತ್ತಾಗುತ್ತಲೇ ಇರುತ್ತದೆ. ತಿಂಗಳು ಎಣಿಸುವುದು ಸುಲಭ, ವಂಚಿಸುವುದು ಕಷ್ಟ.

ಆಮೇಲೆ ಅವರ ತಂಡ 1,706 ತಂದೆ-ಮಗ ಜೋಡಿಗಳ ವಂಶವಾಹಿ ಪರೀಕ್ಷಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿತು. ಮಗ ಬೇರೆಯವನಿಗೆ ಹುಟ್ಟಿದ ಪ್ರಮಾಣ ಹಳೆಯ ಧರ್ಮದವರಲ್ಲಿ ಶೇ 1.3, ಗುಡಿಸಲು ಬಿಟ್ಟ ಕ್ರೈಸ್ತರಲ್ಲಿ ಶೇ 2.9. ವ್ಯತ್ಯಾಸ ಇದೆ, ಆದರೆ ಎರಡೂ ಕಡೆ ಸಂಖ್ಯೆ ಚಿಕ್ಕದು. ಮತ್ತೆ ಗಮನಿಸಬೇಕಾದ್ದು, ಇಲ್ಲಿ ಕೆಲಸ ಮಾಡಿದ್ದು ಮಾಟದ ಭಯಕ್ಕಿಂತ ಕಣ್ಗಾವಲು. ಅದರ ಬೆಲೆ ತೆತ್ತವರು ತಿಂಗಳಿಗೆ ಕೆಲವು ರಾತ್ರಿ ಗುಡಿಸಲಲ್ಲಿ ಮಲಗಿದ ಹೆಣ್ಣುಮಕ್ಕಳು.

ತದ್ವಿರುದ್ಧ ಉದಾಹರಣೆಯೂ ಅದೇ ಖಂಡದಲ್ಲಿದೆ. ನಮೀಬಿಯಾದ ಹಿಂಬಾ ದನಗಾಹಿಗಳಲ್ಲಿ ವಿವಾಹಬಾಹಿರ ಸಂಬಂಧಕ್ಕೆ ಅಂಥ ಕಳಂಕವಿಲ್ಲ. 2020ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನದಲ್ಲಿ ಶೇ 48 ಮಕ್ಕಳ ಜೈವಿಕ ತಂದೆ ತಾಯಿಯ ಗಂಡನಲ್ಲ. ಗಂಡಂದಿರಿಗೂ ಅದು ಬಹುಪಾಲು ಗೊತ್ತಿದೆ. ಅಂಥ ಮಗುವಿಗೆ ‘ಓಮೋಕ’ ಎಂಬ ಹೆಸರಿದೆ, ಮನೆಯಲ್ಲಿ ಜಾಗವೂ ಇದೆ.

ನ್ಯಾಯಾಲಯಗಳ ಜಗ್ಗಾಟ

ಕಾನೂನಿನ ಸುದ್ದಿ ಓದುವಾಗ ಒಂದು ಎಚ್ಚರ ಬೇಕು: ‘ಆಫ್ರಿಕಾದ ಹಾದರ ಕಾನೂನು’ ಎಂದು ಬರುವುದೆಲ್ಲ ಆಫ್ರಿಕಾದ ಸಂಪ್ರದಾಯವಲ್ಲ. ದಕ್ಷಿಣ ಆಫ್ರಿಕಾದಲ್ಲಿ ಹೆಂಡತಿಯ ಮಿಂಡನಿಂದ ಪರಿಹಾರ ಕೇಳುವ ದಾವೆ ಬಂದದ್ದು ರೋಮನ್-ಡಚ್ ಕಾನೂನಿನಿಂದ. ಅಲ್ಲಿನ ಸಂವಿಧಾನ ನ್ಯಾಯಾಲಯ 2015ರ ಜೂನ್‌ನಲ್ಲಿ ಅದನ್ನು ಮುಚ್ಚಿತು. ನಮೀಬಿಯಾದ ಸುಪ್ರೀಂ ಕೋರ್ಟ್ 2016ರಲ್ಲಿ ಅದೇ ದಾರಿ ಹಿಡಿಯಿತು. ಅದೇ ವರ್ಷ ಹರಾರೆಯ ಹೈಕೋರ್ಟ್, ಜಿಂಬಾಬ್ವೆಯ ಸಮಾಜ ಮದುವೆಗೆ ಇನ್ನೂ ಬೆಲೆ ಕೊಡುತ್ತದೆ ಎನ್ನುವ ನೆಲೆಯಲ್ಲಿ, ಆ ದಾವೆಯನ್ನು ಉಳಿಸಿಕೊಂಡಿತು. ಮೂರೂ ದೇಶಗಳಿಗೆ ಒಂದೇ ಡಚ್ ಮೂಲದ ಕಾನೂನು, ತೀರ್ಪು ಮಾತ್ರ ಎರಡು ದಿಕ್ಕಿಗೆ.

ಉಗಾಂಡದ ದಂಡ ಸಂಹಿತೆಯ 154ನೇ ಕಲಂ ಹೇಳುತ್ತಿದ್ದುದು ಹೀಗೆ: ಮದುವೆಯಾದ ಹೆಣ್ಣು ಯಾರನ್ನು ಕೂಡಿದರೂ ಅಪರಾಧ, ಮದುವೆಯಾದ ಗಂಡು ಇನ್ನೊಬ್ಬನ ಹೆಂಡತಿಯನ್ನು ಕೂಡಿದರೆ ಮಾತ್ರ ಅಪರಾಧ. ಈ ತಾರತಮ್ಯಕ್ಕಾಗಿಯೇ 2007ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಅದನ್ನು ರದ್ದು ಮಾಡಿತು. ಭಾರತದ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 27ರಂದು ಐಪಿಸಿಯ 497ನೇ ಕಲಂ ಹೊಡೆದುಹಾಕಿದ ಜೋಸೆಫ್ ಶೈನ್ ತೀರ್ಪಿನಲ್ಲಿ ದಕ್ಷಿಣ ಆಫ್ರಿಕಾ ಮತ್ತು ಉಗಾಂಡದ ಈ ತೀರ್ಪುಗಳ ಪ್ರಸ್ತಾಪವಿದೆ. ಉತ್ತರ ನೈಜೀರಿಯಾದ ದಂಡ ಸಂಹಿತೆಯ 387, 388ನೇ ಕಲಂಗಳು ಹಾದರಕ್ಕೆ ಇನ್ನೂ ಎರಡು ವರ್ಷದ ಜೈಲು ಹೇಳುತ್ತವೆ, ದಕ್ಷಿಣದಲ್ಲಿ ಅದು ಅಪರಾಧವೇ ಅಲ್ಲ.

ಎಲ್ಲಕ್ಕಿಂತ ಬೋಧಪ್ರದವಾದದ್ದು ದಕ್ಷಿಣ ಸುಡಾನಿನ 2008ರ ದಂಡ ಸಂಹಿತೆ. ಅದರ 266ನೇ ಕಲಂ ಹಾದರವನ್ನು ನೊಂದವರ ಪದ್ಧತಿಯಂತೆ ತೀರಿಸಿ, ಇಲ್ಲವೇ ಎರಡು ವರ್ಷದವರೆಗೆ ಜೈಲು ಅಥವಾ ದಂಡ ಎನ್ನುತ್ತದೆ. ಓದಲು ಸಂಪ್ರದಾಯಕ್ಕೆ ಮರ್ಯಾದೆ ಕೊಟ್ಟಂತಿದೆ. ನಡೆಯುವುದೇನು? ಹಿಂದೆ ದನ ಕೊಡಲಾಗದವನಿಗೆ ಅಣ್ಣತಮ್ಮಂದಿರು, ಸೋದರಮಾವಂದಿರು ದನ ಹೊಂದಿಸುತ್ತಿದ್ದರು. ಹೆಣ್ಣು ಜೈಲಿಗೆ ಹೋಗುವ ಮಾತೇ ಇರಲಿಲ್ಲ, ಜೈಲೇ ಇರಲಿಲ್ಲ. ಯುದ್ಧದಲ್ಲಿ ದನ ಹೋದವು, ಬಂಧುಗಳು ಚದುರಿದರು, ‘ಇಲ್ಲವೇ ಜೈಲು’ ಎಂಬ ಅರ್ಧ ಮಾತ್ರ ಉಳಿಯಿತು. ಹಾದರದ ಆರೋಪಕ್ಕೆ ಸೆರೆಯಲ್ಲಿರುವ ಹೆಂಗಸರನ್ನು ಅಲ್ಲಿನ ಜೈಲುಗಳಲ್ಲಿ ಮಾನವ ಹಕ್ಕುಗಳ ಸಂಘಟನೆ ಹ್ಯೂಮನ್ ರೈಟ್ಸ್ ವಾಚ್ 2012ರಲ್ಲೇ ದಾಖಲಿಸಿದೆ.

ಮುಂದೇನು?

ಸಂಪ್ರದಾಯದ ಪರ ನಿಂತವರ ವಾದ ಹೀಗಿದೆ: ಈ ಕಟ್ಟಳೆಗಳಿಗೆ ಖರ್ಚಿಲ್ಲ, ಮದುವೆಯನ್ನು ಇಬ್ಬರ ಗುಟ್ಟಾಗಲು ಬಿಡದೆ ಎರಡು ಮನೆತನಗಳ ಹೊಣೆಯಾಗಿ ಇಟ್ಟಿವೆ, ಕೋರ್ಟು ವಿಚ್ಛೇದನ ಕೊಟ್ಟೀತೇ ಹೊರತು ರಾಜಿ ಮಾಡಿಸದು. ಈ ಕೊನೆಯ ಮಾತಿನಲ್ಲಿ ಹುರುಳಿದೆ. ಎದುರು ವಾದ: ಹೊರೆ ಬೀಳುವುದು ಬಹುತೇಕ ಹೆಣ್ಣಿನ ಮೇಲೆ, ಆರೋಪಕ್ಕೆ ಪುರಾವೆ ಬೇಕಿಲ್ಲ, ರೋಗಿಗೆ ಚಿಕಿತ್ಸೆ ತಪ್ಪುತ್ತದೆ. ಇದನ್ನೂ ಅಲ್ಲಗಳೆಯುವಂತಿಲ್ಲ. ಇವರಿಬ್ಬರೂ ವಾದಿಸುತ್ತಿರುವ ಹೊತ್ತಿಗೆ ಮಾಟದ ವ್ಯಾಪಾರಿ ಮತ್ತು ಖಾಸಗಿ ಲ್ಯಾಬು ಇಬ್ಬರ ಕಾಲಬುಡದಿಂದಲೂ ನೆಲ ಜಾರಿಸುತ್ತಿದ್ದಾರೆ.

ಆರೋಗ್ಯ ಕೇಂದ್ರಗಳಲ್ಲಿ ಮಾಡಬಹುದಾದ್ದು ತೀರಾ ಸರಳ. ‘ಚಿರ್ವಾ ಸುಳ್ಳು’ ಎಂದು ಭಾಷಣ ಬಿಗಿದರೆ ತಾಯಿ ಮರುವಾರ ಬರುವುದಿಲ್ಲ. ಶಾಸ್ತ್ರ ಬೇಕಿದ್ದರೆ ಮಾಡಿಕೊಳ್ಳಿ, ಪೊಟ್ಟಣ ಇಂದಿನಿಂದಲೇ ಶುರುವಾಗಲಿ ಎಂದರೆ ಬರುತ್ತಾಳೆ. ಕಷಾಯದ ವಿಷಯದಲ್ಲಿ ಮಾತ್ರ ಬಿಗಿ ಬೇಕು: ಊದಿದ ಮಗುವಿಗೆ ಭೇದಿ ಮಾಡಿಸುವ ಕಷಾಯ ಕುಡಿಸಿದರೆ ಒಂದೇ ದಿನದಲ್ಲಿ ಕೈತಪ್ಪಿ ಹೋಗಬಹುದು. ಹೆರಿಗೆ ಕೋಣೆಯಲ್ಲಿ ತಪ್ಪೊಪ್ಪಿಗೆ ಕೇಳುವ ಬಂಧುಗಳನ್ನು ಹೊರಗೆ ಕೂರಿಸುವುದು ಸೂಲಗಿತ್ತಿಯ ಕೈಯಲ್ಲೇ ಇದೆ.

ಡಿಎನ್‌ಎ ವಿಷಯ ಇಷ್ಟು ಸುಲಭವಿಲ್ಲ. ಬುಗಾಂಡದಲ್ಲಿ ಮಗುವಿನ ಹೆಸರು ಕುಲದ್ದು, ಉತ್ತರಾಧಿಕಾರ ಕುಲದ್ದು, ಸತ್ತರೆ ಹೂಳುವ ನೆಲವೂ ಕುಲದ್ದು. ಹತ್ತು ವರ್ಷ ಆ ಹೆಸರಿನಲ್ಲಿ ಶಾಲೆಗೆ ಹೋದ ಹುಡುಗನ ವರದಿಯಲ್ಲಿ ‘ತಂದೆಯಾಗಿರುವ ಸಾಧ್ಯತೆ: 0’ ಎಂದು ಬಂದರೆ ಗಂಡ ಹೆಂಡತಿಯನ್ನು ಬಿಡಬಹುದು, ಹುಡುಗನಿಗೆ ಇನ್ನೊಂದು ಕುಲ ಸಿಗಬೇಕಾದರೆ ಅಲ್ಲಿನ ಗಂಡಸು ಒಪ್ಪಬೇಕು, ಅವನ ಕುಲವೂ ಒಪ್ಪಬೇಕು. ಹಾಲು, ಹೆಂಡ, ನೀರಿನ ಪಾತ್ರೆಯ ಸುತ್ತ ಈ ಮಾತುಕತೆ ಮಗುವಿಗೆ ಹೆಸರಿಡುವ ಮೊದಲೇ ಮುಗಿದುಹೋಗುತ್ತಿತ್ತು. ಈಗ ಅದು ಶುರುವಾಗುವುದು ಲಕೋಟೆ ಒಡೆದಮೇಲೆ.